ಬಾಲ ನುಂಗಬೇಡಿ

ನನಗೆ ಜರ್ಮನ್ ಕಲಿಸಿದ ಮೇಡಂ ತೀರಿಕೊಂಡ ಸುದ್ದಿ ಬಂದದ್ದು ಹಳೆಯ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ. ಯಾರೋ ಒಬ್ಬರು ಕೈ ಮುಗಿದ ಚಿತ್ರ ಹಾಕಿದ್ದರು. ಅದರ ಕೆಳಗೆ ಎಲ್ಲರೂ ಸಾಲಾಗಿ ಕೈ ಮುಗಿದಿದ್ದರು. ನನಗೆ ಹಾಗೆ ಮುಗಿಸಿಬಿಡಲು ಮನಸ್ಸಾಗಲಿಲ್ಲ. ಭಾನುವಾರ ಮೈಸೂರಿನ ಕುಂಬಾರಕೊಪ್ಪಲಿನಿಂದ ಸ್ಕೂಟರ್ ಹತ್ತಿ ವಿಳಾಸ ಕೇಳಿಕೊಂಡು ಬೋಗಾದಿಯ ಅವರ ಮನೆಗೆ ಹೋದೆ. ಅವರು ಇದ್ದಷ್ಟು ಕಾಲ ಯಾರನ್ನೂ ಮನೆಗೆ ಕರೆದವರಲ್ಲ. ನಾನು ಆ ಬೀದಿಯನ್ನು ನೋಡಿದ್ದೇ ಅಂದು.

ಬಾಗಿಲು ತೆಗೆದವರು ಅವರ ಅಕ್ಕ. ಬಿಳಿ ತಲೆ, ಮೇಡಂ ಅವರದೇ ಮೂಗು. ನನ್ನನ್ನು ನೋಡಿ ಏನೋ ಹೇಳಿದರು. ಎದುರಿನ ಸೈಟಿನಲ್ಲಿ ಕಾಂಕ್ರೀಟ್ ಮಿಕ್ಸರ್ ತಿರುಗುತ್ತಿತ್ತು, ಆ ಸದ್ದಿಗೆ ನನಗೆ ಕೇಳಿಸಲಿಲ್ಲ ಅಂದುಕೊಂಡೆ. ಅಷ್ಟರಲ್ಲಿ ಮಿಕ್ಸರ್ ನಿಂತಿತು. ಅವರ ಬಾಯಿ ಇನ್ನೂ ಆಡುತ್ತಲೇ ಇತ್ತು. ತುಟಿಗಳು ಅಗಲವಾಗಿ ತೆರೆದು, ಮುಚ್ಚಿ, ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳುತ್ತಿದ್ದವು. ದನಿ ಮಾತ್ರ ಇರಲಿಲ್ಲ.

ಅವರಿಗೆ ಏನೋ ಆಗಿದೆ, ದುಃಖಕ್ಕೆ ಗಂಟಲು ಕಟ್ಟಿಹೋಗಿದೆ ಎಂದುಕೊಂಡು ಕೈ ಹಿಡಿಯಲು ಹೋದೆ. ಅವರೇ ತಟ್ಟನೆ ಬಾಯಿಯ ಮೇಲೆ ಕೈ ಇಟ್ಟುಕೊಂಡರು.

"ಅಯ್ಯೋ, ಅಭ್ಯಾಸ ಕಣಮ್ಮ. ಮನೇಲಿ ದನಿ ತೆಗೆದು ಮಾತಾಡೋದೇ ಮರ್ತೋಗ್ಬುಟ್ಟದೆ. ಒಳಗೆ ಬಾ ಅಂದೆ, ಅಷ್ಟೇಯ. ಅವಳಿಗೆ ಹೆಂಗೂ ಕೇಳುಸ್ತಿರಲಿಲ್ವಲ್ಲ, ದನಿ ಯಾಕೆ ಖರ್ಚು ಮಾಡಾದು ಅಂತ."

"ಯಾರಿಗೆ ಕೇಳಿಸ್ತಿರಲಿಲ್ಲ?"

"ಅವಳಿಗೆ. ನಿಮ್ ಮೇಡಂಗೆ." ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. "ನಿಮಗ್ಯಾರಿಗೂ ಗೊತ್ತೇ ಆಗಿರಲಿಲ್ವಾ ಹಂಗಾದ್ರೆ?"

ನಾನು ಒಂದು ಕಾಲಿನ ಚಪ್ಪಲಿ ಬಿಟ್ಟಿದ್ದೆ, ಇನ್ನೊಂದು ಕಾಲಿನಲ್ಲೇ ಇತ್ತು. ಅದನ್ನು ಬಿಡಬೇಕು ಎಂಬುದು ಹೊಳೆಯದೆ ಹಾಗೇ ನಿಂತಿದ್ದೆ.

ಗೊತ್ತಾಗುವುದು ಹೇಗೆ? ಅವರು ಭಾಷೆಯ ಮೇಡಂ. ಗಣಿತದವರೋ ಚಿತ್ರಕಲೆಯವರೋ ಆಗಿದ್ದರೆ ನಂಬಬಹುದಿತ್ತು. ಪಾಠ ಶುರುವಾದಾಗಿನಿಂದ ಮುಗಿಯುವವರೆಗೆ ನಮ್ಮ ಬಾಯಿಂದ ಬಿದ್ದ ಒಂದೊಂದು ಅಕ್ಷರವನ್ನೂ ಹೆಕ್ಕಿ ತಪ್ಪು ತೋರಿಸುತ್ತಿದ್ದ ಹೆಂಗಸು. ಕೊನೆಯ ಬೆಂಚಿನಲ್ಲಿ ಯಾರಾದರೂ ಅರ್ಧ ಅಕ್ಷರ ತಿಂದರೆ, ಮುಂದಿನ ಬೆಂಚಿನವಳಾದ ನನಗೇ ಕೇಳಿಸುತ್ತಿರಲಿಲ್ಲ, ಅವರು ಬೋರ್ಡಿನ ಹತ್ತಿರದಿಂದಲೇ ಹಿಡಿಯುತ್ತಿದ್ದರು. "ಇರುವೆ ಕೆಮ್ಮಿದ್ರೂ ಕೇಳಿಸ್ತದೆ ಈಯಮ್ಮನಿಗೆ" ಎಂದು ನಾವು ಮೆಟ್ಟಿಲ ಮೇಲೆ ಕೂತು ಬೈದುಕೊಳ್ಳುತ್ತಿದ್ದೆವು. ಆ ಹೆಂಗಸಿಗೆ ಕಿವಿಯೇ ಇರಲಿಲ್ಲವೆಂದರೆ ಏನೆಂದುಕೊಳ್ಳಬೇಕು?

ನನಗೆ ಮೊದಲು ಬಂದದ್ದು ದುಃಖವಲ್ಲ. ಗಾಬರಿ. ಅದರ ಹಿಂದೆಯೇ ಕೋಪ. ಇಷ್ಟು ಜನರನ್ನು, ಇಷ್ಟು ವರ್ಷ, ಒಬ್ಬರೇ ಏಮಾರಿಸಿದರಲ್ಲ ಎಂದು.

ನಾನು ಅವರ ಬಳಿಗೆ ಹೋದದ್ದು ಹೊಟ್ಟೆಪಾಡಿಗೆ. ಮೇಟಗಳ್ಳಿಯ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಟೆಂಪರರಿ ಕೆಲಸಕ್ಕಿದ್ದೆ. ಜರ್ಮನಿಯಿಂದ ಹೊಸ ಮೆಷಿನ್ನುಗಳು ಬಂದವು, ಅವುಗಳ ಜೊತೆ ಕಟ್ಟುಗಟ್ಟಲೆ ಕಾಗದ ಬಂತು. "ಯಾರಾದ್ರೂ ಈ ಭಾಷೆ ಕಲಿತ್ರೆ ಪರ್ಮನೆಂಟ್ ಮಾಡ್ಸೋಣ" ಎಂದರು ಮ್ಯಾನೇಜರು. ಮಿಕ್ಕವರು ನಕ್ಕರು, ನಾನು ಬೆಳಗಿನ ಶಿಫ್ಟ್ ಮುಗಿಸಿ ಹೋಗುವ ಹಾಗೆ ಕ್ಲಾಸಿಗೆ ಸೇರಿದೆ. ಒಂದು ಮೆಡಿಕಲ್ ಶಾಪಿನ ಮೇಲಿನ ಹಾಲು ಅದು. ನರ್ಸಿಂಗ್ ಮುಗಿಸಿದವರು, ಎಂಜಿನಿಯರಿಂಗ್ ಹುಡುಗರು, ನನ್ನಂತಹ ಒಂದಿಬ್ಬರು. ಹಾಲಿನಲ್ಲಿ ಒಂದೇ ದೊಡ್ಡ ಕಿಟಕಿ. ಮೇಡಂ ಆ ಕಿಟಕಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ಬೆಂಚುಗಳನ್ನು ಅರ್ಧ ಚಂದ್ರದ ಹಾಗೆ ಜೋಡಿಸಿ, ಬೆಳಕೆಲ್ಲ ನಮ್ಮ ಮುಖದ ಮೇಲೆ ಬೀಳುವಂತೆ ಕೂರಿಸುತ್ತಿದ್ದರು. ಮಧ್ಯಾಹ್ನದ ಬಿಸಿಲಿಗೆ ಕಣ್ಣು ಕಿರಿದಾಗಿ, ಪರದೆ ಹಾಕಲೇ ಮೇಡಂ ಎಂದು ಯಾರಾದರೂ ಎದ್ದರೆ, "ಕೂತ್ಕೊಳ್ಳಿ. ವಿದ್ಯೆ ಬೆಳಕಲ್ಲಿ ಕಲೀಬೇಕು" ಎನ್ನುತ್ತಿದ್ದರು. ನಾವು ಅದನ್ನು ದೊಡ್ಡ ಮಾತು ಎಂದುಕೊಂಡಿದ್ದೆವು.

ಸೇರಿದ ವಾರದಲ್ಲೇ ಒಬ್ಬ ಹುಡುಗನ ಮೀಸೆ ತೆಗೆಸಿದರು. ಪಾಪ, ಸೊಂಪಾಗಿ ಬೆಳೆಸಿದ್ದ. ಮೇಲಿನ ತುಟಿ ಪೂರ್ತಿ ಅದರೊಳಗೇ ಇತ್ತು. "ಜರ್ಮನ್ ಬೇಕಾದ್ರೆ ಮೀಸೆ ಟ್ರಿಮ್ ಮಾಡಿಸ್ಕೊಂಡು ಬನ್ನಿ, ಮೀಸೆ ಬೇಕಾದ್ರೆ ಫೀಸು ವಾಪಸ್ ತಗೊಂಡು ಹೋಗಿ" ಎಂದರು. ಮಾರನೆಯ ದಿನ ಅವನು ಬೋಳು ತುಟಿಯಲ್ಲಿ ಬಂದಾಗ ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಬಾಯಿಗೆ ಕೈ ಅಡ್ಡ ಇಟ್ಟು ಮಾತಾಡಿದರೆ ಕೋಪ, ಬಾಯಲ್ಲಿ ಏನಾದರೂ ಮೆಲ್ಲುತ್ತಿದ್ದರೆ ಕೋಪ, ತಲೆ ತಗ್ಗಿಸಿ ಪುಸ್ತಕ ನೋಡಿಕೊಂಡು ಓದಿದರೆ ಎಲ್ಲಕ್ಕಿಂತ ಕೋಪ. "ಮುಖ ಎತ್ತಿ. ಪುಸ್ತಕಕ್ಕಲ್ಲ ನೀವು ಹೇಳ್ತಿರೋದು, ನನಗೆ."

ಈಗ ಇದನ್ನು ಓದುವಾಗ ನಿಮಗೆ ಎಲ್ಲವೂ ಹೊಳೆಯುತ್ತಿದೆ ಅಲ್ಲವೇ? ನನಗೂ ಅವರ ಅಕ್ಕನ ಎದುರು ಕೂತಾಗ ಒಂದೊಂದಾಗಿ ಹೊಳೆಯಿತು. ಆಗ ಮಾತ್ರ ನಮಗೆ ಯಾರಿಗೂ ಏನೂ ಕಾಣಲಿಲ್ಲ. ಶಿಸ್ತಿನ ಮೇಡಂ ಎಂದುಕೊಂಡೆವು. ಮೈಸೂರಿನಲ್ಲಿ ಶಿಸ್ತು ಎಂದುಬಿಟ್ಟರೆ ಮುಗಿಯಿತು, ಯಾರೂ ಮುಂದೆ ಪ್ರಶ್ನೆ ಕೇಳುವುದಿಲ್ಲ.

ಅವರ ಪಾಠದ ಜೀವವೆಲ್ಲ ಇದ್ದದ್ದು ವಿಶೇಷಣದ ಕೊನೆಗಳಲ್ಲಿ. ಅದಕ್ಕೆ ಅವರು ಇಟ್ಟ ಹೆಸರು ಬಾಲ. ಕನ್ನಡದಲ್ಲಿ 'ಒಳ್ಳೆಯ ಕಾಫಿ' ಎಂದರೂ 'ಒಳ್ಳೆಯ ಕಾಫಿಯಿಂದ' ಎಂದರೂ 'ಒಳ್ಳೆಯ' ಅಲುಗಾಡುವುದಿಲ್ಲ. "ನಮ್ಮ ವಿಶೇಷಣ ಜಗಲಿ ಮೇಲೆ ಕೂತ ಯಜಮಾನ್ರು ಇದ್ದಂಗೆ ಕಣ್ರೀ, ಕೆಲಸ ಎಲ್ಲ ಬೇರೆಯೋರು ಮಾಡ್ತಾರೆ" ಎನ್ನುತ್ತಿದ್ದರು. ಜರ್ಮನ್ನಿನಲ್ಲಿ ಹಾಗಲ್ಲ. ಆ 'ಒಳ್ಳೆಯ' ಎಂಬ ಪದ ಸಂದರ್ಭಕ್ಕೊಂದು ಬಾಲ ಕಟ್ಟಿಕೊಳ್ಳುತ್ತದೆ. ಗೂಟೆ, ಗೂಟರ್, ಗೂಟೆಸ್, ಗೂಟೆನ್, ಗೂಟೆಮ್. ಬಂದಿರುವ ನಾಮಪದ ಗಂಡೋ ಹೆಣ್ಣೋ ಎರಡೂ ಅಲ್ಲವೋ, ಅದು ಮಾಡುವುದೋ ಮಾಡಿಸಿಕೊಳ್ಳುವುದೋ, ಎಲ್ಲವನ್ನೂ ಯಾರಾದರೊಬ್ಬರು ತೋರಿಸಲೇಬೇಕು.

ಯಾರು ತೋರಿಸಬೇಕು ಎಂಬುದಕ್ಕೆ ಅವರು ಮದುವೆ ಮನೆಯ ಲೆಕ್ಕ ಹೇಳುತ್ತಿದ್ದರು. "ಛತ್ರದ ಬಾಗಿಲಲ್ಲಿ ಹಿರಿಯರು ಪನ್ನೀರುದಾನಿ ಹಿಡ್ಕೊಂಡು ನಿಂತಿದ್ದಾರೆ ಅನ್ಕೊಳ್ಳಿ. ಬಂದೋರಿಗೆ ಮರ್ಯಾದೆ ಆಯ್ತು. ಕಿರಿಯರು ಒಳಗೆ ಆರಾಮಾಗಿ ಕೂರಬಹುದು. ನಾಮಪದದ ಮುಂದೆ ಬರೋ 'ಡೆರ್' ಅನ್ನೋದು ಆ ಹಿರಿಯರು, ಇಂಗ್ಲಿಷಿನ 'ದಿ' ಇದ್ದಂಗೆ. ಡೆರ್ ಗೂಟೆ ಕಫೆ. ಕಾಫಿ ಗಂಡು ಅಂತ ಡೆರ್ ಆಗಲೇ ತೋರಿಸ್ಬುಡ್ತು, ಗೂಟೆಗೆ ಚಿಕ್ಕ ಬಾಲ ಸಾಕು. 'ಐನ್', ಅಂದ್ರೆ 'ಒಂದು', ಇದ್ದಾರಲ್ಲ, ಅವರೂ ಹಿರಿಯರೇ, ಬಾಗಿಲಿಗೂ ಬಂದಿದ್ದಾರೆ, ಆದ್ರೆ ಪನ್ನೀರುದಾನಿ ಒಳಗೇ ಬಿಟ್ಟು ಬಂದವ್ರೆ. ಆಗ ಕಿರಿಯರು ಎದ್ದು ಬರಬೇಕು. ಐನ್ ಗೂಟರ್ ಕಫೆ. ಹಿರಿಯರೇ ಇಲ್ಲದ ಮನೆ ಆದ್ರೆ?" ಎಂದು ನಿಲ್ಲಿಸಿ ನಮ್ಮನ್ನು ನೋಡುತ್ತಿದ್ದರು. "ಎಲ್ಲ ಜವಾಬ್ದಾರಿ ಕಿರಿಯರದೇ. ಅಂಥ ಕಡೆ ಬಾಲ ನುಂಗಿದ್ರೆ ನೆಂಟರಿಗೆ ಅವಮಾನ."

ನಾವು ನುಂಗುತ್ತಿದ್ದೆವು. ಜರ್ಮನ್ ಕಲಿಯುವವರೆಲ್ಲ ನುಂಗುತ್ತಾರೆ. ಯಾವ ಬಾಲ ಎಂದು ಗೊತ್ತಿಲ್ಲದಾಗ ಗೂಟ್ ಎಂದು ಗಟ್ಟಿಯಾಗಿ ಹೇಳಿ, ಕೊನೆಯಲ್ಲಿ ಏನೋ ಒಂದು ಗೊಣಗಿಬಿಟ್ಟರೆ ಕೇಳುವವರು ತಮಗೆ ಬೇಕಾದ್ದನ್ನು ಕೇಳಿಸಿಕೊಳ್ಳುತ್ತಾರೆ. ಬೇರೆ ಮೇಡಂಗಳ ಹತ್ತಿರ ನಡೆಯುತ್ತಿತ್ತು. ಇವರ ಹತ್ತಿರ ಒಂದು ದಿನವೂ ನಡೆಯಲಿಲ್ಲ. "ಮಿಟ್ ಗೂಟೆಮ್ ಕಫೆ, ಒಳ್ಳೆ ಕಾಫಿ ಜೊತೆ. 'ಎಮ್'! ಎರಡು ತುಟಿ ಸೇರಲಿಲ್ಲ. ಸೇರಿಸು. ಮಿಟ್ ಡೇಮ್ ಗೂಟೆನ್ ಕಫೆ. ಈಗ ಬಾಯಿ ತೆರೆದೇ ಇರಬೇಕು. ಎಸ್ ಅಂದಾಗ ಹಲ್ಲು ಕಾಣಬೇಕು. ಬಾಲ ನುಂಗಬೇಡಿ, ಬಾಲ ನುಂಗಬೇಡಿ." ನಮ್ಮ ಕ್ಲಾಸಿನವರು ಪರೀಕ್ಷೆಗೆ ಹೋದರೆ ಹೊರಗಿನ ಪರೀಕ್ಷಕರು ಬೆರಗಾಗುತ್ತಿದ್ದರಂತೆ, ಇಷ್ಟು ಬಿಡಿಸಿ ಮಾತಾಡುವವರು ಎಲ್ಲಿಂದ ಬರುತ್ತಾರೆ ಎಂದು. ನಮಗೂ ಹೆಮ್ಮೆಯೇ. ಅವರು ನಮ್ಮ ತುಟಿ ಓದುವುದಕ್ಕಾಗಿ ನಮ್ಮ ತುಟಿಯನ್ನು ತಿದ್ದುತ್ತಿದ್ದರು ಎಂದು ಯಾರಿಗೆ ಗೊತ್ತಿತ್ತು?

ಕೇಳಿ ಬರೆಯುವ ಅಭ್ಯಾಸವಿದ್ದ ದಿನ ಪ್ಲೇಯರ್ ಹಾಕಿ, ಗೋಡೆಯ ಗಡಿಯಾರ ನೋಡಿ, ಹೊರಗೆ ಹೋಗಿಬಿಡುತ್ತಿದ್ದರು. "ನಾನಿದ್ರೆ ನನ್ನ ಮುಖ ನೋಡ್ಕೊಂಡು ಉತ್ತರ ಬರೀತೀರ" ಎನ್ನುತ್ತಿದ್ದರು. ಪಾಠ ಮುಗಿಯುವುದಕ್ಕೂ ಅವರು ಬಾಗಿಲಲ್ಲಿ ಕಾಣಿಸಿಕೊಳ್ಳುವುದಕ್ಕೂ ಸರಿಹೋಗುತ್ತಿತ್ತು. ಫೋನು ಮಾಡಿದರೆ ಎತ್ತುತ್ತಿರಲಿಲ್ಲ, ಬರೆದು ಕಳಿಸಿ ಎಂದು ಮೆಸೇಜು ಬರುತ್ತಿತ್ತು. ಬರೆದು ಕಳಿಸಿದರೆ ಅದರಲ್ಲೂ ತಪ್ಪು ತಿದ್ದಿ ವಾಪಸ್ ಬರುತ್ತಿತ್ತು. ಬಸ್ ಸ್ಟಾಪಿನಲ್ಲಿ ಒಮ್ಮೆ ನಾನೂ ನನ್ನ ಅಮ್ಮನೂ ಹಿಂದಿನಿಂದ ಮೇಡಂ, ಮೇಡಂ ಎಂದು ಕೂಗಿದೆವು. ತಿರುಗಿಯೂ ನೋಡದೆ ನಡೆದುಹೋದರು. ಅಮ್ಮನಿಗೆ ತಡೆಯಲಾಗಲಿಲ್ಲ.

"ಏನೇ ಜಂಬ ನಿಮ್ ಮೇಡಮ್ಮನಿಗೆ! ರಾಜರ ಮನೆಯೋರಾ?"

"ಜರ್ಮನ್ ಓದಿದೋರು ಅಂಗೇ ಕಣಮ್ಮ" ಎಂದಿದ್ದೆ ನಾನು.

ಒಂದು ದಿನ ಮಾತ್ರ ಆ ಜಂಬವೆಲ್ಲ ಕ್ಷಮಿಸಿಬಿಡುವಂತಾಯಿತು. ಕಾರ್ಖಾನೆಗೆ ಜರ್ಮನಿಯ ಮೆಷಿನ್ ರಿಪೇರಿಯವನು ಬಂದಿದ್ದ. ಇಂಗ್ಲಿಷ್ ಅವನಿಗೆ ಅಷ್ಟಕ್ಕಷ್ಟೇ. ನನ್ನ ಜರ್ಮನ್ ಇನ್ನೂ ಅಂಬೆಗಾಲಿನಲ್ಲಿತ್ತು. ಮೇಡಂಗೆ ಬರೆದು ಬೇಡಿಕೊಂಡೆ, ಬಂದರು. ಮೆಷಿನ್ ಓಡುತ್ತಿರುವಾಗಲೇ ಅದರ ದೋಷ ತೋರಿಸಬೇಕಿತ್ತು. ಆ ಶೆಡ್ಡಿನಲ್ಲಿ ಮೆಷಿನ್ ಓಡಿದರೆ ಪಕ್ಕದಲ್ಲಿರುವವನ ಕೂಗೂ ಕೇಳುವುದಿಲ್ಲ. ಮ್ಯಾನೇಜರು ಹಾ, ಹಾ ಎಂದು ಕಿವಿಗೆ ಕೈ ಹಿಡಿದು ಬೆವರುತ್ತಿದ್ದರು. ಮೇಡಂ ಮಾತ್ರ ಆ ಬಿಳಿಯನ ಎದುರು ನಿಂತು, ಬೃಂದಾವನದಲ್ಲಿ ಬೆಂಚಿನ ಮೇಲೆ ಕೂತವರ ಹಾಗೆ ಆರಾಮಾಗಿ ಮಾತಾಡಿದರು. ಅವನು ಹೇಳಿದ್ದನ್ನು ಒಂದೊಂದಾಗಿ ನನ್ನ ಪುಸ್ತಕದಲ್ಲಿ ಬರೆದರು. ಮೆಷಿನ್ ನಿಂತ ಮೇಲೆ ಮ್ಯಾನೇಜರು ಕೈ ಮುಗಿದು, "ಎಂಥ ಕಿವಿ ಮೇಡಂ ನಿಮ್ಮದು!" ಎಂದುಬಿಟ್ಟರು. ಮೇಡಂ ನಕ್ಕರು.

ಸಂಜೆ ಅವನನ್ನು ಹೋಟೆಲಿಗೆ ಬಿಡಲು ಕಾರಿನಲ್ಲಿ ಹೋದೆವು. ಅವನು ಮುಂದಿನ ಸೀಟಿನಲ್ಲಿ, ನಾವಿಬ್ಬರೂ ಹಿಂದೆ. ಅವನು ಬೆಟ್ಟ ತೋರಿಸಿ ಏನೇನೋ ಕೇಳಿದ. ಮೇಡಂ ಕಿಟಕಿಯಾಚೆ ನೋಡುತ್ತ ಸುಮ್ಮನೆ ಕೂತಿದ್ದರು. ಅವನು ಮತ್ತೆ ಕೇಳಿದ, ಇವರು ಉತ್ತರ ಕೊಡಲಿಲ್ಲ. ಕೊನೆಗೆ ನಾನೇ ತಿಣುಕಿ ತಿಣುಕಿ ಹಳೆಯ ದೇವಸ್ಥಾನ, ಎತ್ತರದ ಬೆಟ್ಟ, ದೊಡ್ಡ ನಂದಿ ಎಂದು ಸಿಕ್ಕ ಸಿಕ್ಕ ಬಾಲ ಅಂಟಿಸಿ ಹೇಳಿದೆ. ಒಂದೂ ಸರಿಯಿರಲಿಲ್ಲ ಎಂದು ನನಗೇ ಗೊತ್ತಿತ್ತು. ಮೇಡಂ ಒಂದನ್ನೂ ತಿದ್ದಲಿಲ್ಲ. ಎದುರಿಗೆ ಪರದೇಶದವನು ಇದ್ದಾನೆಂದು ನನ್ನ ಮಾನ ಉಳಿಸಿದರು ಎಂದುಕೊಂಡು, ನಾನು ಆ ರಾತ್ರಿ ಅಮ್ಮನ ಹತ್ತಿರ ಅವರನ್ನು ಹೊಗಳಿದ್ದೇ ಹೊಗಳಿದ್ದು.

ಇನ್ನೊಂದು ಹೇಳಬೇಕು. ಅವರು ಯಾರಿಗೂ ಕಾಲಿಗೆ ಬೀಳಲು ಬಿಡುತ್ತಿರಲಿಲ್ಲ. ಪಾಸಾದವರು ಸ್ವೀಟ್ ಬಾಕ್ಸ್ ಹಿಡಿದು ಬಂದು ಬಗ್ಗಿದರೆ ಎರಡು ಹೆಜ್ಜೆ ಹಿಂದೆ ಸರಿದುಬಿಡುತ್ತಿದ್ದರು. "ಕಾಲು ಬೇಡ. ನೆಟ್ಟಗೆ ನಿಂತ್ಕೊಂಡು, ಮುಖ ನೋಡಿ ಹೇಳಿ." ಅವರದು ಬುದ್ಧನನ್ನು ನಂಬಿದ ಮನೆ. ಅವರ ತಂದೆ ಹಳ್ಳಿ ಬಿಟ್ಟು ಮೈಸೂರಿಗೆ ಬಂದದ್ದೇ ಯಾರ ಮುಂದೆಯೂ ಬಗ್ಗಬಾರದು ಎಂಬ ಕಾರಣಕ್ಕಂತೆ. ಹಾಗಾಗಿ ಅದು ಅವರ ತತ್ವ ಎಂದು ನಾವು ಗೌರವದಿಂದ ಒಪ್ಪಿಕೊಂಡಿದ್ದೆವು. ತತ್ವವೂ ಹೌದು ಎಂದರು ಅಕ್ಕ. "ಬಗ್ಗಿದೋರ ಬಾಯಿ ಕಾಣಕ್ಕಿಲ್ವಲ್ಲ, ಅದೂ ಹೌದು."

ಆಮೇಲೆ ಬಂತಲ್ಲ, ಮಾಸ್ಕಿನ ಕಾಲ.

ಮುಚ್ಚಿದ್ದ ಕ್ಲಾಸುಗಳು ಮತ್ತೆ ತೆರೆದ ಮೊದಲ ದಿನ ನಾನು ಅಲ್ಲಿದ್ದೆ. ಪಾಠಕ್ಕಲ್ಲ. ನನ್ನ ಪರೀಕ್ಷೆ ಮುಗಿದಿತ್ತು, ಕಾರ್ಖಾನೆಯಲ್ಲಿ ಕೆಲಸ ಪರ್ಮನೆಂಟ್ ಆಗಿತ್ತು. ಸ್ಟೋರ್ಸಿನಿಂದ ಎತ್ತಿ ಅನುವಾದಕ್ಕೆಂದೇ ಒಂದು ಮೇಜು ಕೊಟ್ಟಿದ್ದರು. ಮೈಸೂರು ಪಾಕ್ ಬಾಕ್ಸ್ ತೊಡೆಯ ಮೇಲಿಟ್ಟುಕೊಂಡು ಕೊನೆಯ ಬೆಂಚಿನಲ್ಲಿ ಕೂತಿದ್ದೆ. ಮೇಡಂಗೆ ಹೇಳಲು ಒಂದು ಜರ್ಮನ್ ವಾಕ್ಯವನ್ನು ವಾರವೆಲ್ಲ ಬಾಯಿಪಾಠ ಮಾಡಿದ್ದೆ. ಇಶ್ ಡಾಂಕೆ ಈನೆನ್ ಫೊನ್ ಗಾಂಟ್ಸೆಮ್ ಹೆರ್ಟ್ಸೆನ್. ಪೂರ್ತಿ ಹೃದಯದಿಂದ ನಿಮಗೆ ವಂದನೆ ಎಂದು ಅರ್ಥ. ಹೃದಯ ಎಂಬ ಪದದ ಮುಂದೆ ಹಿರಿಯರು ಯಾರೂ ಇಲ್ಲ, ಆದ್ದರಿಂದ 'ಪೂರ್ತಿ' ಎಂಬುದೇ ಬಾಗಿಲಿಗೆ ಬರಬೇಕು, 'ಎಮ್' ಬಾಲ ಕಟ್ಟಿಕೊಂಡು. ಅವರು ಕಲಿಸಿದ್ದನ್ನೇ ಅವರಿಗೆ ಒಪ್ಪಿಸುವ ಆಸೆ ನನಗೆ.

ಮೇಡಂ ಒಳಗೆ ಬಂದರು. ಕಿಟಕಿಯ ಹತ್ತಿರ ನಿಂತು ತಿರುಗಿದರು. ಅರ್ಧ ಚಂದ್ರದ ತುಂಬ ಮಾಸ್ಕುಗಳು. ನೀಲಿ, ಕಪ್ಪು, ಹೂವಿನ ಚಿತ್ರದ್ದು. ಅವರು ಸ್ವಲ್ಪ ಹೊತ್ತು ಹಾಗೇ ನೋಡಿದರು. ಒಬ್ಬಳನ್ನು ಎಬ್ಬಿಸಿ ಓದಿಸಿದರು. ಇನ್ನೊಬ್ಬನನ್ನು ಎಬ್ಬಿಸಿದರು. ಅವನು ಬಾಲಗಳನ್ನೆಲ್ಲ ಗುಳುಂ ಮಾಡಿ ಓದಿದ. ನಾನು ಕಾದೆ, ಈಗ ಬೀಳುತ್ತದೆ ಏಟು ಎಂದು. ಮೇಡಂ ಏನೂ ಅನ್ನಲಿಲ್ಲ. "ಮಾಸ್ಕು ಕೆಳಗೆ ಮಾಡ್ಕೊಂಡು ಹೇಳಿ" ಎಂದರು ಮೆಲ್ಲಗೆ. ಬಾಗಿಲಲ್ಲಿ ನಿಂತಿದ್ದ ಇನ್‌ಸ್ಟಿಟ್ಯೂಟಿನ ಮಾಲೀಕರು ಗದರಿದರು. "ಆಗಲ್ಲ ಮೇಡಂ, ರೂಲ್ಸು. ಪೇರೆಂಟ್ಸು ಗಲಾಟೆ ಮಾಡ್ತಾರೆ." ಅವರದೂ ಮುಖದ ಮೇಲೆ ಮಾಸ್ಕು. ಅವರು ಹೇಳಿದ್ದು ಮೇಡಂಗೆ ತಲುಪಲಿಲ್ಲ ಎಂದು ಈಗ ಗೊತ್ತಾಗುತ್ತಿದೆ. ಆದರೆ ಅವರ ಕೈ ಅಲ್ಲಾಡಿದ ರೀತಿಯೇ ಸಾಕಾಗಿರಬೇಕು. ಮೇಡಂ ಚಾಕ್‌ಪೀಸು ಕೆಳಗಿಟ್ಟರು. ಬೋರ್ಡನ್ನು ತಾವೇ ಒರೆಸಿದರು. ಇವತ್ತಿಗೆ ಸಾಕು ಎಂದು ಬ್ಯಾಗು ತೆಗೆದುಕೊಂಡು ಹೊರಟೇಬಿಟ್ಟರು.

ನಾನು ಬಾಕ್ಸ್ ಹಿಡಿದು ಓಡಿದೆ. ಮೆಟ್ಟಿಲ ತಿರುವಿನಲ್ಲಿ ಮುಂದೆ ಹೋಗಿ ನಿಂತೆ. ಅವರ ಕಣ್ಣು ನೋಡಿದರೆ ಇವರು ಮತ್ತೆ ಬರುವುದಿಲ್ಲ ಎಂದು ಯಾಕೋ ಅನಿಸಿತು. ನೆಟ್ಟಗೆ ನಿಂತು ಹೇಳುವುದು ಮರೆತೇಹೋಯಿತು. ಕುಂಬಾರಕೊಪ್ಪಲಿನಲ್ಲಿ ಬೆಳೆದವಳು ನಾನು, ಎದೆ ತುಂಬಿ ಬಂದರೆ ಬಗ್ಗುವುದೊಂದೇ ಗೊತ್ತು. ಅವರು ಹಿಂದೆ ಸರಿಯುವ ಮೊದಲೇ ಎರಡೂ ಪಾದ ಹಿಡಿದುಬಿಟ್ಟೆ. ಅಲ್ಲೇ, ತಲೆ ತಗ್ಗಿಸಿಕೊಂಡೇ, ಮಾಸ್ಕಿನೊಳಗಿಂದ ನನ್ನ ವಾಕ್ಯ ಹೇಳತೊಡಗಿ, ಏಳುತ್ತ ಮುಗಿಸಿದೆ.

ಮೇಡಂ ನನ್ನ ತಲೆ ಮುಟ್ಟಿದರು. "ಸಂತೋಷ ಕಣಮ್ಮ" ಎಂದರು. ಒಂದು ಗಳಿಗೆ ಬಿಟ್ಟು, "ಬಾಲ ನುಂಗಬೇಡ" ಎಂದರು. ಮೆಟ್ಟಿಲ ಮೇಲಿಟ್ಟಿದ್ದ ಬಾಕ್ಸ್ ಎತ್ತಿ ಕೊಟ್ಟೆ, ತೆಗೆದುಕೊಂಡು ಇಳಿದು ಹೋದರು.

ನಾನು ಮೆಟ್ಟಿಲ ಮೇಲೆ ಪೆಚ್ಚಾಗಿ ನಿಂತೆ. ಎಲ್ಲಿ ನುಂಗಿದೆ? ಮನೆಗೆ ಹೋಗಿ ಪುಸ್ತಕ ತೆಗೆದು ನೋಡಿದೆ, ಗಾಂಟ್ಸೆಮ್ ಸರಿಯಾಗಿಯೇ ಇತ್ತು. ಕನ್ನಡಿ ಮುಂದೆ ನಿಂತು ಹೇಳಿ ನೋಡಿದೆ. ಸರಿಯಾಗಿಯೇ ಹೇಳಿದ್ದೆ. ಜೀವನದಲ್ಲಿ ಒಂದು ಸಲ ಮನಸ್ಸು ಬಿಚ್ಚಿ ಹೇಳಿದ ಮಾತಿಗೂ ತಪ್ಪು ಹುಡುಕಿದರಲ್ಲ ಎಂದು ಬೇಜಾರಾಯಿತು. ಆ ಬೇಜಾರು ಇಷ್ಟು ವರ್ಷ ಒಳಗೆಲ್ಲೋ ಇದ್ದೇ ಇತ್ತು. ಮಾರನೆಯ ದಿನದಿಂದ ಮೇಡಂ ಕ್ಲಾಸಿಗೆ ಬರಲಿಲ್ಲ. ವಯಸ್ಸಾಯಿತು, ರೋಗಕ್ಕೆ ಹೆದರಿಕೊಂಡರು ಎಂದರು ಮಾಲೀಕರು. ಆ ಮಾತನ್ನು ನಾವೂ ನಂಬಿದೆವು. ಯುಗಾದಿಗೋ ದಸರಾಕ್ಕೋ ನಾನು ಜರ್ಮನ್ನಿನಲ್ಲಿ ಮೆಸೇಜು ಕಳಿಸುತ್ತಿದ್ದೆ, ತಿದ್ದಿದ ಉತ್ತರ ಬರುತ್ತಿತ್ತು. ಮನೆಗೆ ಬರಲೇ ಎಂದರೆ ಬೇಡ ಎಂದು ಬರುತ್ತಿತ್ತು.

ಮೆಟ್ಟಿಲ ಮೇಲೆ ನಡೆದದ್ದನ್ನು ಅಕ್ಕನಿಗೆ ಹೇಳಲಿಲ್ಲ ನಾನು. ಕೇಳಿದ್ದು ಒಂದೇ. "ಯಾಕೆ ಮುಚ್ಚಿಟ್ಟರು?"

ಅಕ್ಕ ಗೋಡೆಯ ಮೇಲಿನ ಬುದ್ಧನ ಪಟದ ಕಡೆ ನೋಡುತ್ತ ಹೇಳಿದರು. ಹುಟ್ಟು ಕಿವುಡಲ್ಲ. ಯೂನಿವರ್ಸಿಟಿಯಲ್ಲಿ ಓದುವಾಗ ಚೆನ್ನಾಗಿ ಕೇಳುತ್ತಿತ್ತು. ಜರ್ಮನ್ ಕಲಿತದ್ದು ಕಿವಿಯಲ್ಲೇ. ಆಮೇಲೆ ಒಂದು ಜ್ವರ ಬಂತು, ಅಲ್ಲಿಂದ ಕೆರೆ ಬತ್ತಿದ ಹಾಗೆ ವರ್ಷ ವರ್ಷಕ್ಕೂ ಕಡಿಮೆಯಾಗುತ್ತ ಹೋಯಿತು. ಕಿವಿಗೆ ಮೆಷಿನ್ ಹಾಕಿಕೊಂಡು ನೋಡಿದರು, ಬರೀ ಗದ್ದಲ ಕೇಳುತ್ತಿತ್ತಂತೆ, ಮಾತು ಕೇಳುತ್ತಿರಲಿಲ್ಲ.

"ಮೊದಲು ಒಂದು ಸ್ಕೂಲಲ್ಲಿ ಕೆಲಸಕ್ಕಿದ್ಲು. ನಿಯತ್ತಾಗಿ ಹೋಗಿ ಹೇಳ್ಬುಟ್ಳು, ನನಗೆ ಕಿವಿ ಮಂದ ಆಗ್ತಾದೆ, ಮುಂದಿನ ಬೆಂಚಿನೋರು ಸ್ವಲ್ಪ ಗಟ್ಟಿ ಮಾತಾಡ್ಲಿ ಅಂತ. ಕಿವುಡಿ ಎಂಥ ಭಾಷೆ ಕಲಿಸ್ತಾಳೆ ಅಂದ್ರು ಕಣಮ್ಮ. ಅವಳ ಎದುರಿಗೇ ಅಂದ್ರು. ಕೇಳಲ್ಲ ಅಂದ್ಕೊಂಡು ಅಂದ್ರು, ಅವಳು ತುಟಿ ನೋಡಿ ತಿಳ್ಕೊಂಡ್ಳು. ಆ ತಿಂಗಳೇ ಮನೆಗೆ ಕಳಿಸಿದ್ರು. ಅವತ್ತಿಂದ ಬಾಯಿ ಬಿಡಲಿಲ್ಲ."

"ಆಮೇಲೆ?"

"ಆಮೇಲೆ ಏನು, ಸಾಯಂಕಾಲ ಆಯ್ತು ಅಂದ್ರೆ ನನ್ನ ಕೂರಿಸ್ಕೊಳ್ಳೋಳು. ಅವಳ ಪುಸ್ತಕದ ಜರ್ಮನ್ನ ಕನ್ನಡ ಅಕ್ಷರದಲ್ಲಿ ಬರೆದು ಕೊಡೋಳು, ನಾನು ದನಿ ಇಲ್ಲದೆ ಬಾಯಾಡಿಸ್ಬೇಕು, ಅವಳು ಯಾವ ಬಾಲ ಅಂತ ಹೇಳ್ಬೇಕು. ನನಗೆ ಒಂದಕ್ಷರಕ್ಕೂ ಅರ್ಥ ಗೊತ್ತಿಲ್ಲ. ಬಾಲ ಮಾತ್ರ ಎಲ್ಲ ಗೊತ್ತು." ಅವರು ನಕ್ಕರು, ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಎಷ್ಟು ಆಯಾಸ ಆಗೋದು ಅಂತೀಯ ಅವಳಿಗೆ. ಅರ್ಧ ತುಟಿ, ಅರ್ಧ ಊಹೆ. ಮನೆಗೆ ಬಂದು ಕಣ್ಮುಚ್ಕೊಂಡು ಮಲಗ್ಬುಡೋಳು. ಕಣ್ಮುಚ್ಚುದ್ರೆ ಅವಳಿಗೆ ಪ್ರಪಂಚವೇ ಇಲ್ಲ ನೋಡು."

ಬಂದಾಗಿನ ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ. ಅಕ್ಕ ಏನನ್ನೋ ನೆನೆಸಿಕೊಂಡವರಂತೆ ನನ್ನ ಕಡೆ ತಿರುಗಿದರು.

"ನೀನು ಮೇಟಗಳ್ಳಿ ಫ್ಯಾಕ್ಟರಿಯವಳಾ? ಮೈಸೂರು ಪಾಕ್ ಕೊಟ್ಟೋಳು?"

ಹೌದು ಎಂದೆ.

"ಅಯ್ಯೋ ಮಗಳೇ." ನನ್ನ ಕೈ ಹಿಡಿದುಕೊಂಡರು. "ಕೆಲಸ ಬಿಟ್ಟು ಬಂದ ದಿವಸ ಅವಳು ಅತ್ತಿದ್ದು ಕೆಲಸಕ್ಕಲ್ಲ ಕಣೇ. 'ಅಕ್ಕ, ಒಂದು ಹುಡುಗಿ ನನ್ನ ಕಾಲು ಹಿಡ್ಕೊಂಡು ಏನೋ ಅಂದ್ಳು. ಎದ್ದೇಳುವಾಗ ಮಾಸ್ಕು ಇನ್ನೂ ಆಡ್ತಿತ್ತು. ಜರ್ಮನ್ನೋ ಕನ್ನಡವೋ ಅದೂ ಗೊತ್ತಾಗಲಿಲ್ಲ. ಏನಾದ್ರೂ ಅನ್ನಬೇಕಲ್ಲ ಅಂತ ಬಾಲ ನುಂಗಬೇಡ ಅಂದ್ಬುಟ್ಟೆ' ಅಂತ ಅತ್ಲು. ಇನ್ನೊಂದ್ಸಲ ಹೇಳು ಅನ್ನಬಹುದಿತ್ತಲ್ಲೇ ಅಂದೆ. 'ಮಾಸ್ಕು ತೆಗಿ ಅನ್ನಬೇಕಾಗ್ತಿತ್ತು ಅಕ್ಕ, ಅನ್ನಕ್ಕೆ ಬಾಯಿ ಬರಲಿಲ್ಲ' ಅಂದ್ಲು. ಮೊನ್ನೆ ಆಸ್ಪತ್ರೆಲಿ ಸಹ ಕೇಳಿದ್ಲು, ಆ ಹುಡುಗಿ ಏನಂದಿರಬಹುದು ಅಂತ."

ಎದುರಿನ ಸೈಟಿನಲ್ಲಿ ಮಿಕ್ಸರ್ ಮತ್ತೆ ಶುರುವಾಯಿತು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು.

"ಏನಂದಿದ್ದೆಯಮ್ಮ?"

ಹೇಳಲು ಹೋದೆ. ಆ ಸದ್ದಿನಲ್ಲಿ ದನಿ ಬೇಕಿರಲಿಲ್ಲ. ತಲೆ ಎತ್ತಿ, ಕಿಟಕಿಯ ಬೆಳಕಿಗೆ ಮುಖ ಕೊಟ್ಟು, ಬರೀ ತುಟಿಯಲ್ಲೇ ಹೇಳಿದೆ. ಇಶ್ ಡಾಂಕೆ ಈನೆನ್ ಫೊನ್ ಗಾಂಟ್ಸೆಮ್ ಹೆರ್ಟ್ಸೆನ್. 'ಎಮ್' ಬಂದಾಗ ಎರಡು ತುಟಿಯನ್ನೂ ಒತ್ತಿ ಮುಚ್ಚಿದೆ.

ಅಕ್ಕ ಕೊನೆಯವರೆಗೂ ಕಣ್ಣು ಮಿಟುಕಿಸದೆ ನನ್ನ ಬಾಯಿ ನೋಡಿದರು. ನಿಧಾನವಾಗಿ ತಲೆದೂಗಿದರು.

"ಸರಿಯಾಗೇ ಅದೆ ಕಣಮ್ಮ" ಎಂದರು. "ಒಂದು ಬಾಲನೂ ನುಂಗಿಲ್ಲ."